ಬಾಯಿ ತೆರೆದರೆ ಹಲ್ಲು ಕಾಣಬೇಕು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ರಿಮೋಟ್ ಕಾರು ಓಡಿಸುತ್ತಿರುವ, ಓಡಿಸಬೇಕೆಂದಿರುವ ಹುಡುಗ ಹುಡುಗಿಯರಿಗೆ ಮತ್ತು ಅವರಿಗೆ ಪಾಠ ಹೇಳುವ ಐಟಿಐ, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳ ಮೇಷ್ಟ್ರುಗಳಿಗೆ,

ಜಾತ್ರೆಯಲ್ಲಿ ಕೊಂಡ ರಿಮೋಟ್ ಕಾರಿನಿಂದ ಹುಟ್ಟಿದ ಆಸೆ ನಿಜವಾದ ರೇಸ್ ಕಾರಿನ ಕಡೆಗೆ ತಿರುಗುವುದು ಸಹಜ. ತಿರುಗಿದವರು ಎರಡು ಹೆಜ್ಜೆ ಇಡುವಷ್ಟರಲ್ಲೇ ಕಂಗಾಲಾಗುತ್ತಾರೆ. ಬ್ರಷ್ ಇರುವ ಮೋಟಾರೋ ಇಲ್ಲದ್ದೋ, ಎಷ್ಟು ಸುತ್ತಿನದು, ಬ್ಯಾಟರಿಗೆ ಎಷ್ಟು ಸೆಲ್, ಡಿಫರೆನ್ಷಿಯಲ್ಲಿಗೆ ಯಾವ ದಪ್ಪದ ಎಣ್ಣೆ, ಯಾವ ಮಣ್ಣಿಗೆ ಯಾವ ಟೈರು, ಹೀಗೆ ಒಂದು ಪ್ರಶ್ನೆಗೆ ಉತ್ತರ ಹುಡುಕುವಷ್ಟರಲ್ಲಿ ಹತ್ತು ಪ್ರಶ್ನೆ ಏಳುತ್ತವೆ. ಹತ್ತರಲ್ಲಿ ಒಂಬತ್ತು ಮಂದಿ ಅಲ್ಲಿಂದಲೇ ವಾಪಸ್ಸಾದರೆ ಅದು ಅವರ ದಡ್ಡತನವಲ್ಲ. ನೀವು ಸಂಘ ಕಟ್ಟುವ ಮೊದಲು, ಟ್ರ್ಯಾಕ್ ಹಾಕುವ ಮೊದಲು, ಯಾರೂ ದೊಡ್ಡ ಕಾಸು ಸುರಿಯುವ ಮೊದಲು ನಿಯಮ ಬರೆದುಕೊಳ್ಳಿ ಎಂದು ಕೇಳಿಕೊಳ್ಳುವುದಕ್ಕೆ ಈ ಪತ್ರ. ಈ ಹವ್ಯಾಸದಲ್ಲಿ ಎರಡು ಬಗೆಯ ತೊಡಕುಗಳಿವೆ. ಒಂದು ಕೈಗೆ ಸಿಗುವಂಥದು, ಕಣ್ಣಿಗೆ ಕಾಣುವಂಥದು. ಇನ್ನೊಂದು ಮುಚ್ಚಿದ ಡಬ್ಬಿಯೊಳಗೆ ಕೂತು ಬರೀ ಕಾಸಿಗೆ ಒಲಿಯುವಂಥದು. ಮೊದಲನೆಯದಕ್ಕೆ ಬಾಗಿಲು ತೆರೆದಿಟ್ಟು, ಎರಡನೆಯದನ್ನು ಕಡೇಪಕ್ಷ ಆರಂಭದ ವರ್ಷಗಳಲ್ಲಿ ಹೊರಗಿಡಬೇಕು. ಹಾಗೆ ಮಾಡದ ಕಡೆ ಈ ಆಟ ಹೇಗೆ ಸೊರಗಿತು ಎನ್ನುವುದಕ್ಕೆ ಅದರ ಚರಿತ್ರೆಯಲ್ಲೇ ಪುರಾವೆ ಇದೆ.

ರಿಮೋಟ್ ಕಾರಿನ ರೇಸು ಹೀಗೆ ಕಗ್ಗಂಟಾಗಿಯೇ ಹುಟ್ಟಲಿಲ್ಲ. ಇಟಲಿಯ ಎಲ್-ಜಿ ಕಂಪನಿ 1966ರಲ್ಲಿ ರೇಡಿಯೊ ನಿಯಂತ್ರಣದ ಫೆರಾರಿ ಮಾದರಿಯನ್ನು ಮಾರಾಟಕ್ಕೆ ತಂದಿತು. ಜಪಾನಿನ ತಮಿಯಾ 1976ರಲ್ಲಿ ಬ್ಯಾಟರಿಯಿಂದ ಓಡುವ ಪೋರ್ಶೆ 934 ತಂದ ಮೇಲೆ ಇದು ಸಾಮಾನ್ಯರ ಮನೆಗೂ ಬಂತು. 1979ರಲ್ಲಿ ಇಫ್ಮಾರ್ ಎಂಬ ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿತು. 1985ರಲ್ಲಿ ಕ್ಯಾಲಿಫೋರ್ನಿಯಾದ ಡೆಲ್ ಮಾರ್‌ನಲ್ಲಿ ವಿದ್ಯುತ್ ಆಫ್-ರೋಡ್ ಕಾರುಗಳ ಮೊದಲ ವಿಶ್ವ ಸ್ಪರ್ಧೆ ನಡೆಯಿತು. ಅದಕ್ಕೆ ಒಂದು ವರ್ಷ ಮೊದಲು ಬಂದ ತಮಿಯಾದ ಹಾರ್ನೆಟ್ ಕಾರನ್ನು ನೋಡಿ. ಹಿಂದಿನ ಆಕ್ಸಲ್ ಒಂದೇ ಗಟ್ಟಿ ತುಂಡು, ಮುಂದಿನ ಚಕ್ರಗಳಿಗೆ ಬರೀ ಸ್ಪ್ರಿಂಗು, ಕೈಗೆ ಸಿಗುವ ಸಾದಾ 540 ಮೋಟಾರು. ಒಂದು ಸ್ಕ್ರೂಡ್ರೈವರ್ ಹಿಡಿದು ಹೈಸ್ಕೂಲ್ ಹುಡುಗ ಎರಡು ಸಂಜೆಯಲ್ಲಿ ಜೋಡಿಸಿ ಓಡಿಸಬಹುದಾದ ಕಾರು ಅದು. ಅದೇ ಕಾರನ್ನು ಕಂಪನಿ 2004ರಲ್ಲಿ, ಇಪ್ಪತ್ತು ವರ್ಷ ಕಳೆದ ಮೇಲೆ, ಮತ್ತೆ ಅಚ್ಚು ಹಾಕಿ ಮಾರಿತು. ಮುಂದುವರಿದ ಕಾರುಗಳು ಸಾಲುಗಟ್ಟಿ ನಿಂತಿದ್ದರೂ ಆ ಸರಳ ಕಾರಿಗೆ ಜನ ಮತ್ತೆ ದುಡ್ಡು ಕೊಟ್ಟರು. ಹಳೆಯ ನೆನಪಿನ ಸೆಳೆತ ಅದರಲ್ಲಿ ಇತ್ತು, ನಿಜ. ಆದರೆ ಜೋಡಿಸಿದ ದಿನವೇ ಓಡಿಸಿ ಖುಷಿಪಡಬಹುದಾದ ಕಾರೊಂದರ ಹಸಿವು ತಣಿದಿರಲಿಲ್ಲ ಎನ್ನುವುದೂ ಅಷ್ಟೇ ನಿಜ.

ಇವತ್ತಿನ ಹತ್ತರಲ್ಲೊಂದು ಅಳತೆಯ ರೇಸ್ ಬಗ್ಗಿ ತೆಗೆದರೆ ಅದರ ಜೊತೆಗೊಂದು ಸೆಟಪ್ ಹಾಳೆ ಬರುತ್ತದೆ. ನೆಲದಿಂದ ಎತ್ತರ ಎಷ್ಟು ಮಿಲಿಮೀಟರ್, ಚಕ್ರದ ಓರೆ ಎಷ್ಟು ಡಿಗ್ರಿ, ಶಾಕ್ ಅಬ್ಸಾರ್ಬರಿನ ಪಿಸ್ಟನ್ನಿನಲ್ಲಿ ಎಷ್ಟು ತೂತು, ಅದರ ಎಣ್ಣೆ ಎಷ್ಟು ಗಟ್ಟಿ ಎಂದು ಶುರುವಾಗಿ ತುಂಬಬೇಕಾದ ಖಾನೆಗಳು ನಲವತ್ತು ದಾಟುತ್ತವೆ. ಹೊಸಬರಿಗೆ ಇದೇ ಹೆದರಿಕೆ. ಆದರೆ ಹಾಳೆಯಲ್ಲಿರುವ ಒಂದು ಭಾಗವನ್ನು ಮಾತ್ರ ಹತ್ತಿರದಿಂದ ನೋಡೋಣ. ಚಕ್ರದ ಓರೆಯನ್ನು ಸರಿಮಾಡುವುದು ಬೆರಳುದ್ದದ ಒಂದು ಕಂಬಿ. ಅದರ ಒಂದು ತುದಿಯಲ್ಲಿ ಬಲಮರೆ, ಇನ್ನೊಂದು ತುದಿಯಲ್ಲಿ ಎಡಮರೆ. ಎರಡು ತುದಿಯನ್ನೂ ಬಿಚ್ಚದೆ, ಇದ್ದಲ್ಲೇ ಸ್ಪ್ಯಾನರಿನಿಂದ ತಿರುಗಿಸಿದರೆ ಸಾಕು, ಕಂಬಿ ಉದ್ದವಾಗುತ್ತದೆ ಅಥವಾ ಗಿಡ್ಡವಾಗುತ್ತದೆ, ಚಕ್ರ ಅಷ್ಟಕ್ಕಷ್ಟು ವಾಲುತ್ತದೆ. ಇದನ್ನು ನಿಮ್ಮೂರಿನಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಟ್ರ್ಯಾಕ್ಟರಿನ ಹಿಂದೆ ನೇಗಿಲನ್ನೋ ರೋಟವೇಟರನ್ನೋ ಹಿಡಿದಿರುವ ಟಾಪ್ ಲಿಂಕ್ ಇದೇ ಸಾಮಾನು, ಗಾತ್ರ ಮಾತ್ರ ಬೇರೆ. ನೇಗಿಲು ನೆಲಕ್ಕೆ ಎಷ್ಟು ಕಚ್ಚಬೇಕು ಎಂದು ಟಾಪ್ ಲಿಂಕ್ ತಿರುಗಿಸಿ ನೋಡುವ ರೈತ ಸೆಟಪ್ ಹಾಳೆಯ ಅರ್ಧದಷ್ಟನ್ನು ಆಗಲೇ ಬಲ್ಲ. ಡಿಫರೆನ್ಷಿಯಲ್ ಏಕೆ ಬೇಕು, ಕೆಸರಿನಲ್ಲಿ ಅದನ್ನು ಏಕೆ ಲಾಕ್ ಮಾಡಬೇಕು ಎನ್ನುವುದು ಟ್ರ್ಯಾಕ್ಟರ್ ಹೊಡೆಯುವವರಿಗೆ ಕಾಲಿನ ಅಭ್ಯಾಸ. ಈ ಬಗೆಯ ತೊಡಕು ಎಷ್ಟಿದ್ದರೂ ಇರಲಿ. ಒಂದು ಸುತ್ತು ತಿರುಗಿಸು, ಓಡಿಸು, ನೋಡು, ಮತ್ತೆ ತಿರುಗಿಸು. ಇದಕ್ಕೆ ಬೇಕಾದದ್ದು ತಾಳ್ಮೆ, ಮತ್ತೊಬ್ಬರಿಗಿಂತ ದಪ್ಪನೆಯ ಜೇಬಲ್ಲ.

ಈಗ ಇನ್ನೊಂದು ಬಗೆಯದನ್ನು ನೋಡಿ. ನಿಕ್ಕಲ್ ಬ್ಯಾಟರಿಗಳ ಕಾಲದಲ್ಲಿ ಆರು ಸೆಲ್ಲುಗಳನ್ನು ಬೆಸೆದು 7.2 ವೋಲ್ಟಿನ ಪ್ಯಾಕ್ ಕಟ್ಟುತ್ತಿದ್ದರು. ಒಂದೇ ಕಾರ್ಖಾನೆಯಿಂದ ಬಂದ ಸೆಲ್ಲುಗಳಲ್ಲೂ ಒಂದು ಗಟ್ಟಿ, ಒಂದು ಸಪ್ಪೆ. ಹಾಗಾಗಿ ಒಂದೊಂದನ್ನೂ ಯಂತ್ರಕ್ಕೆ ಹಾಕಿ, ಎಷ್ಟು ಸೆಕೆಂಡು ತಾಳಿತು, ಎಷ್ಟು ವೋಲ್ಟ್ ಹಿಡಿದುಕೊಂಡಿತು ಎಂದು ಅಳೆದು, ಚೀಟಿ ಅಂಟಿಸಿ, ಸಮಸಮವಾದವನ್ನು ಆರಿಸಿ ಮಾರುವ ವ್ಯಾಪಾರವೇ ಬೆಳೆಯಿತು. ಎಲ್ಲಕ್ಕಿಂತ ಗಟ್ಟಿ ಸೆಲ್ಲುಗಳಿಗೆ ಎಲ್ಲಕ್ಕಿಂತ ಹೆಚ್ಚು ಬೆಲೆ. ಅದರಲ್ಲಿ ಚಾಲಕನ ಕೈಚಳಕ ಏನೂ ಇರಲಿಲ್ಲ, ಕೊಂಡವನು ಮುಂದೆ ಹೋದ. ಬ್ರಷ್ ಇಲ್ಲದ ಮೋಟಾರು ಬಂದ ಮೇಲೆ 2010ರ ಆಸುಪಾಸಿನಲ್ಲಿ ಇದೇ ಕಥೆ ಬೇರೆ ವೇಷದಲ್ಲಿ ಬಂತು. ಹೊಸಬರಿಗೆಂದೇ ಇಟ್ಟಿದ್ದ ‘ಸ್ಟಾಕ್’ ವರ್ಗದಲ್ಲಿ ಎಲ್ಲರಿಗೂ ಒಂದೇ ಸುತ್ತಿನ ಮೋಟಾರು ಎಂದು ನಿಯಮವಿತ್ತು. ಆದರೆ ಮೋಟಾರಿಗೆ ಕರೆಂಟ್ ಹಂಚುವ ಸ್ಪೀಡ್ ಕಂಟ್ರೋಲರಿನ ಸಾಫ್ಟ್‌ವೇರ್ ಓಟದ ನಡುವೆಯೇ ಟೈಮಿಂಗ್ ಹೆಚ್ಚಿಸಿ ಅದೇ ಮೋಟಾರಿನಿಂದ ಬೇರೆಯದೇ ವೇಗ ತೆಗೆಯಿತು. ನಿಯಮ ಕಾಗದದ ಮೇಲೆ ಹಾಗೇ ಇತ್ತು, ವರ್ಗ ಕೈತಪ್ಪಿಹೋಗಿತ್ತು. ಅಮೆರಿಕದ ಸಂಘಟಕರು ಕೊನೆಗೆ ಕಂಡುಕೊಂಡ ಪರಿಹಾರ ಬಹಳ ಸರಳ: ಟೈಮಿಂಗ್ ಸೊನ್ನೆಯಲ್ಲಿದ್ದರೆ ಕಂಟ್ರೋಲರಿನ ದೀಪ ಮಿಣುಕುತ್ತಿರಬೇಕು. ಪರೀಕ್ಷಕ ದೂರದಿಂದ ನೋಡಿದರೂ ತಿಳಿಯುತ್ತದೆ. ಒಳಗೆ ಅಡಗಿದ್ದ ತೊಡಕನ್ನು ಕಣ್ಣಿಗೆ ಕಾಣುವಂತೆ ಮಾಡಿದ ಮೇಲೆಯೇ ಆ ವರ್ಗ ಸುಧಾರಿಸಿಕೊಂಡಿತು.

ಕಣ್ಣಿಗೆ ಕಾಣುವುದನ್ನೇ ಹಿಡಿದು ವರ್ಗ ಕಟ್ಟುವ ಲೆಕ್ಕವನ್ನು ನಮ್ಮ ದನದ ಜಾತ್ರೆಗಳು ಎಂದೋ ಮಾಡಿ ಮುಗಿಸಿವೆ. ಕೊನೇಹಳ್ಳಿಯ ಅಮೃತಮಹಲ್ ಫಾರಂ ಇರುವ ತಾಲ್ಲೂಕಿನವರಿಗೆ ಇದನ್ನು ವಿವರಿಸಬೇಕಿಲ್ಲ. ರಾಸುಗಳಿಗೆ ಬಹುಮಾನ ಕೊಡುವಾಗ ಎಲ್ಲವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸುವುದಿಲ್ಲ. ಹಲ್ಲು ನೋಡಿ ವಯಸ್ಸು ತಿಳಿದು ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಬಾಯಿಗೂಡಿದ್ದು ಎಂದು ಬೇರೆ ಬೇರೆ ಸಾಲು. ಕರಾವಳಿಯ ಕಂಬಳದಲ್ಲೂ ಹಗ್ಗ, ನೇಗಿಲು, ಅಡ್ಡ ಹಲಗೆ, ಕನೆ ಹಲಗೆ ಎಂದು ವಿಭಾಗಗಳು, ಹಗ್ಗ ನೇಗಿಲುಗಳಲ್ಲಿ ಮತ್ತೆ ಹಿರಿಯ ಕಿರಿಯ ಎಂಬ ಭೇದ. ಹಲ್ಲಿನ ಲೆಕ್ಕದ ಹೆಚ್ಚುಗಾರಿಕೆ ಏನೆಂದರೆ, ಮಾಲೀಕನ ಮಾತನ್ನು ನಂಬಬೇಕಿಲ್ಲ, ಅವನು ಎಷ್ಟು ಹಣ ಕೊಟ್ಟು ತಂದ ಎಂದು ಕೇಳಬೇಕಿಲ್ಲ. ಬಾಯಿ ತೆರೆದರೆ ಹಲ್ಲು ಕಾಣುತ್ತದೆ. ನಿಮ್ಮ ರೇಸಿನ ವರ್ಗಗಳನ್ನು ಇದೇ ಅಳತೆಗೋಲಿನಿಂದ ಮಾಡಿ, ಹೆಸರನ್ನೂ ಹಾಗೇ ಇಡಿ ಎನ್ನುವುದು ನನ್ನ ಸಲಹೆ. ಹಾಲುಹಲ್ಲಿನ ವರ್ಗದಲ್ಲಿ ಎಲ್ಲರಿಗೂ ಒಂದೇ ಬಗೆಯ ಮುಚ್ಚಿದ 540 ಮೋಟಾರು, ಒಂದೇ ಬ್ಯಾಟರಿ, ಪೆಟ್ಟಿಗೆಯಲ್ಲಿ ಬಂದ ಟೈರು. ಮೋಟಾರುಗಳು ಸಂಘದ ಪೆಟ್ಟಿಗೆಯಲ್ಲಿರಲಿ, ಓಟದ ಬೆಳಿಗ್ಗೆ ಚೀಟಿ ಎತ್ತಿ ಹಂಚಿ, ಸಂಜೆ ವಾಪಸ್ ತೆಗೆದುಕೊಳ್ಳಿ. ಉಳಿದಂತೆ ಕಂಬಿ ತಿರುಗಿಸಲಿ, ಸ್ಪ್ರಿಂಗು ಬದಲಿಸಲಿ, ಎಣ್ಣೆ ಬದಲಿಸಲಿ, ಯಾರೂ ತಡೆಯಬೇಡಿ. ಎರಡು ಹಲ್ಲಿನ ವರ್ಗಕ್ಕೆ ಗೇರಿನ ಹಲ್ಲುಗಳನ್ನೂ ಟೈರನ್ನೂ ಬಿಡಿ. ಬ್ರಷ್ ಇಲ್ಲದ ಮೋಟಾರು ನಾಲ್ಕು ಹಲ್ಲಿನಿಂದ ಮುಂದಕ್ಕೆ, ಅದೂ ಮಿಣುಕು ದೀಪದ ನಿಯಮದೊಡನೆ. ಬಾಯಿಗೂಡಿದ ವರ್ಗದಲ್ಲಿ ಏನು ಬೇಕಾದರೂ ಆಗಲಿ. ಮೇಲಿನ ವರ್ಗಕ್ಕೆ ಹೋದವರು ಮತ್ತೆ ಕೆಳಗಿಳಿದು ಬಹುಮಾನ ಎತ್ತಿಕೊಂಡು ಹೋಗುವಂತಿಲ್ಲ ಎಂಬುದನ್ನೂ ಬರೆದಿಡಿ. ಹಲ್ಲು ಬಂದ ಕರುವಿಗೆ ಮತ್ತೆ ಹಾಲುಹಲ್ಲು ಹುಟ್ಟುವುದಿಲ್ಲವಲ್ಲ.

ಕಾಸಿನ ಲೆಕ್ಕವನ್ನು ನಮ್ಮ ಸೀಮೆಯ ಅಳತೆಯಲ್ಲೇ ಹಾಕಿ ನೋಡೋಣ. ಸ್ಪರ್ಧೆಯ ಮಟ್ಟದ ಹತ್ತರಲ್ಲೊಂದು ಅಳತೆಯ ಕಾರಿನ ಕಿಟ್ಟು ಹೊರದೇಶದ ಅಂಗಡಿಯಲ್ಲಿ ಐನೂರು ಡಾಲರಿನ ಆಸುಪಾಸು. ಮೋಟಾರು, ಕಂಟ್ರೋಲರು, ಸರ್ವೊ, ಬ್ಯಾಟರಿ, ಚಾರ್ಜರು, ರೇಡಿಯೊ ಯಾವುದೂ ಅದರಲ್ಲಿ ಸೇರಿಲ್ಲ. ಆಟಿಕೆಗಳ ಆಮದು ಸುಂಕವನ್ನು ಕೇಂದ್ರ ಸರ್ಕಾರ 2020ರಲ್ಲಿ ಶೇ. 20ರಿಂದ 60ಕ್ಕೆ, 2023ರಲ್ಲಿ ಶೇ. 70ಕ್ಕೆ ಏರಿಸಿತು. ಸುಂಕವನ್ನು ಪಕ್ಕಕ್ಕಿಟ್ಟರೂ ಬರೀ ಕಿಟ್ಟಿಗೆ ನಲವತ್ತು ಸಾವಿರ ರೂಪಾಯಿ ದಾಟುತ್ತದೆ. 2025ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 12,100 ರೂಪಾಯಿ ಇತ್ತು. ಪೇಟೆಯ ಧಾರಣೆ ಏರುತ್ತದೆ, ಇಳಿಯುತ್ತದೆ, ಅದನ್ನು ನಂಬಿ ಲೆಕ್ಕ ಹಾಕುವಂತಿಲ್ಲ, ಬೆಂಬಲ ಬೆಲೆಯನ್ನೇ ಹಿಡಿಯೋಣ. ಹೆಚ್ಚುಕಡಿಮೆ ಮೂರೂವರೆ ಕ್ವಿಂಟಲ್ ಕೊಬ್ಬರಿ ಆಯಿತು. ಕ್ವಿಂಟಲಿಗೆ ಏಳೆಂಟು ನೂರು ಕಾಯಿ ಬೇಕು. ಅಂದರೆ ಎರಡೂವರೆ ಸಾವಿರ ಕಾಯಿ ಅಟ್ಟದ ಮೇಲೆ ವರ್ಷದ ಹತ್ತಿರ ಹತ್ತಿರ ಮಲಗಿ, ಒಳಗಿನ ನೀರು ಇಂಗಿ, ಕುಲುಕಿದರೆ ಗಡಗಡ ಎನ್ನುವಷ್ಟು ಒಣಗಿ, ಸುಲಿಸಿಕೊಂಡು, ಚಿಪ್ಪು ಒಡೆಸಿಕೊಂಡು ಪೇಟೆಗೆ ಹೋದರೆ ಒಂದು ಕಾರಿನ ಮೈ ಮಾತ್ರ ಬರುತ್ತದೆ. ಕೈತುಂಬ ಮರವಿದ್ದವರಿಗೂ ಇದು ಸಣ್ಣ ಮೊತ್ತವಲ್ಲ, ನುಸಿ ಮತ್ತು ಕಾಂಡ ಸೋರುವ ರೋಗದಲ್ಲಿ ಫಸಲು ಕಳೆದುಕೊಂಡ ಮನೆಗಳ ಮಾತಂತೂ ಬೇಡ. ನಿಯಮವಿಲ್ಲದ ರೇಸು ಎಂದರೆ ಮುಂದಿನ ವರ್ಷ ಇದೇ ಖರ್ಚು ಮತ್ತೊಮ್ಮೆ. ಯಾರೋ ಒಬ್ಬರು ಹೊಸದು ತಂದ ದಿನ ಉಳಿದವರ ಕಾರೆಲ್ಲ ಹಳತಾಗುತ್ತದೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಮೇಷ್ಟ್ರುಗಳದೇ ಇರುತ್ತದೆ, ಅದು ತೂಕದ ಆಕ್ಷೇಪ. ತೊಡಕಿನಲ್ಲೇ ಅಲ್ಲವೇ ಕಲಿಕೆ ಇರುವುದು, ಎಲ್ಲರಿಗೂ ಒಂದೇ ಮೋಟಾರು ಕೊಟ್ಟುಬಿಟ್ಟರೆ ಎಂಜಿನಿಯರಿಂಗ್ ಹುಡುಗರು ಏನು ಕಲಿತ ಹಾಗಾಯಿತು ಎಂದು ಅವರು ಕೇಳಬಹುದು. ಕಲಿಕೆ ಇರುವುದು ಕಾರಣಕ್ಕೂ ಪರಿಣಾಮಕ್ಕೂ ನಡುವಿನ ದಾರಿ ಕಾಣಿಸಿದಾಗ. ಮೋಟಾರು, ಬ್ಯಾಟರಿ, ಟೈರು ಎಲ್ಲವೂ ಒಬ್ಬೊಬ್ಬರದು ಒಂದೊಂದು ಬಗೆಯಾಗಿದ್ದರೆ ಒಂದು ಕಾರು ತಿರುವಿನಲ್ಲಿ ಮುಂದೆ ಹೋದದ್ದು ಏತರಿಂದ ಎಂದು ಹೇಳುವುದು ಯಾರಿಗೂ ಸಾಧ್ಯವಿಲ್ಲ. ಮೂರನ್ನೂ ಕಟ್ಟಿಹಾಕಿದರೆ ಅರ್ಧ ಡಿಗ್ರಿ ಓರೆಯ ವ್ಯತ್ಯಾಸವೂ ಗಡಿಯಾರದಲ್ಲಿ ಕಾಣುತ್ತದೆ. ಪ್ರಯೋಗಶಾಲೆಯಲ್ಲಿ ಒಂದು ಅಂಶ ಬದಲಿಸಿ ಉಳಿದದ್ದನ್ನು ಸ್ಥಿರವಾಗಿಡಿ ಎಂದು ಕಲಿಸುವವರು ನೀವೇ. ಮೋಟಾರನ್ನೇ ಕಲಿಯಬೇಕೆನ್ನುವವರಿಗೆ ನಮ್ಮಲ್ಲಿ ಬೇರೆ ಪಾಠಶಾಲೆ ಉಂಟು. ಕೊಳವೆಬಾವಿಗಳ ಈ ನಾಡಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ತಾಮ್ರದ ತಂತಿಯ ಸುತ್ತು ಕಡಿಮೆಯಾದರೆ ಕರೆಂಟ್ ಜಾಸ್ತಿ ಎಳೆಯುತ್ತದೆ, ಕಾವೇರುತ್ತದೆ ಎಂದು ಅಲ್ಲಿ ಕೂತವರಿಗೆ ಗೊತ್ತು. ರಿಮೋಟ್ ಕಾರಿನ ಮೋಟಾರುಗಳನ್ನು 27 ಸುತ್ತು, 17.5 ಸುತ್ತು ಎಂದು ಕರೆಯುವುದರ ಹಿಂದಿರುವುದೂ ಅದೇ ವಿದ್ಯೆ: ಸುತ್ತು ಇಳಿದಷ್ಟೂ ವೇಗ ಏರುತ್ತದೆ. ಮೇಲಿನ ವರ್ಗದಲ್ಲಿ ಕೈಯಲ್ಲಿ ಸುತ್ತಿದ ಬ್ರಷ್ ಮೋಟಾರುಗಳಿಗೇ ಒಂದು ಓಟ ಇಟ್ಟುಕೊಳ್ಳಿ. ಅದು ಎಷ್ಟು ತೊಡಕಾದರೂ ನನಗೆ ಸಂತೋಷವೇ, ಯಾಕೆಂದರೆ ಅದು ಬಿಚ್ಚಿ ನೋಡಬಹುದಾದ ತೊಡಕು.

ಎರಡನೆಯ ಆಕ್ಷೇಪ ಹುಡುಗರದು. ಇಲ್ಲಿ ನಿಧಾನದ ಕಾರು ಓಡಿಸಿ ಅಭ್ಯಾಸವಾದರೆ ನಾಳೆ ಬೆಂಗಳೂರಿನಲ್ಲೋ ದೊಡ್ಡ ಕಾಲೇಜುಗಳ ಉತ್ಸವದಲ್ಲೋ ನಮ್ಮ ಗತಿ ಏನು ಎನ್ನುತ್ತಾರೆ. ಓಟಗಾರರು ತಯಾರಾಗುವುದು ಹೇಗೆಂದು ದೊಡ್ಡ ಕಾರುಗಳ ಜಗತ್ತನ್ನು ಕೇಳಿ. ಭಾರತದಿಂದ ಫಾರ್ಮುಲಾ ಒನ್‌ಗೆ ಹೋದ ಮೊದಲ ಚಾಲಕ ನಾರಾಯಣ್ ಕಾರ್ತಿಕೇಯನ್ ರೇಸು ಶುರುಮಾಡಿದ್ದು ಶ್ರೀಪೆರಂಬುದೂರಿನ ಟ್ರ್ಯಾಕಿನಲ್ಲಿ, ಫಾರ್ಮುಲಾ ಮಾರುತಿ ಎಂಬ ಆರಂಭಿಕರ ವರ್ಗದಲ್ಲಿ. ಶಕ್ತಿ ಕಡಿಮೆ ಇರುವ ಕಾರಿನಲ್ಲಿ ತಪ್ಪು ಮುಚ್ಚಿಕೊಳ್ಳುವುದಕ್ಕೆ ಆಗುವುದಿಲ್ಲ. ತಿರುವಿನಲ್ಲಿ ವೇಗ ಕಳೆದುಕೊಂಡರೆ ನೇರ ದಾರಿಯಲ್ಲಿ ಅದನ್ನು ಹಿಂದಕ್ಕೆ ತರುವ ಬಲ ಮೋಟಾರಿಗೆ ಇರುವುದಿಲ್ಲ, ಆದ್ದರಿಂದ ಕೈ ತಾನಾಗಿ ಸರಿಯಾದ ಗೆರೆ ಹಿಡಿಯುವುದನ್ನು ಕಲಿಯುತ್ತದೆ. ಕಾರು ನಿಮ್ಮ ಕಡೆಗೆ ಬರುವಾಗ ಎಡಬಲ ಅದಲುಬದಲಾಗುತ್ತದೆ ಎಂಬ ಒಂದೇ ಸಂಗತಿ ಬೆರಳಿಗೆ ಒಗ್ಗುವುದಕ್ಕೆ ವಾರಗಟ್ಟಲೆ ಬೇಕು. ಅಷ್ಟು ದಿನ ಗಂಟೆಗೆ ಎಪ್ಪತ್ತು ಕಿಲೋಮೀಟರ್ ಓಡುವ ಕಾರು ಕೈಯಲ್ಲಿದ್ದರೆ ಕಲಿಯುವುದಕ್ಕಿಂತ ಮುರಿದದ್ದನ್ನು ಜೋಡಿಸುವುದೇ ಹೆಚ್ಚಾಗುತ್ತದೆ.

ಹೊಸದೆಲ್ಲ ಬೇಡ ಎಂಬ ವಾದ ನನ್ನದಲ್ಲ. 27 ಮೆಗಾಹರ್ಟ್ಸ್ ರೇಡಿಯೊಗಳ ಕಾಲದಲ್ಲಿ ಇಬ್ಬರ ರೇಡಿಯೊದಲ್ಲೂ ಒಂದೇ ತರಂಗದ ಹರಳಿದ್ದರೆ ಇಬ್ಬರೂ ಒಟ್ಟಿಗೆ ಓಡಿಸುವಂತಿರಲಿಲ್ಲ, ಒಬ್ಬರ ಸನ್ನೆಗೆ ಇನ್ನೊಬ್ಬರ ಕಾರು ತಿರುಗುತ್ತಿತ್ತು. ಭಾರತ ಸರ್ಕಾರ 2005ರಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯ ಕಡಿಮೆ ಶಕ್ತಿಯ ಸಾಧನಗಳನ್ನು ಲೈಸೆನ್ಸಿನಿಂದ ಬಿಡಿಸಿತು. ಈಗಿನ ರೇಡಿಯೊಗಳು ಆ ಪಟ್ಟಿಯಲ್ಲಿ ತಮ್ಮ ಜಾಗ ತಾವೇ ಹುಡುಕಿಕೊಳ್ಳುತ್ತವೆ, ಹತ್ತು ಕಾರು ಒಟ್ಟಿಗೆ ಓಡಿದರೂ ಜಗಳವಿಲ್ಲ. ಒಳಗಿನ ವಿದ್ಯೆ ಎಷ್ಟೋ ಪಟ್ಟು ಜಟಿಲವಾಯಿತು, ಹೊರಗಿನ ಬಳಕೆ ಹಗುರವಾಯಿತು, ಮತ್ತು ಅದು ಯಾರನ್ನೂ ಯಾರಿಗಿಂತ ಮುಂದೆ ಓಡಿಸಲಿಲ್ಲ. ಇಂಥದು ಬರಲಿ. ಲಿಥಿಯಂ ಪಾಲಿಮರ್ ಬ್ಯಾಟರಿಯ ವಿಷಯದಲ್ಲಿ ಮಾತ್ರ ನನಗೆ ಅಳುಕಿದೆ. ಸೆಲ್ ಆರಿಸಿ ಮಾರುವ ವ್ಯಾಪಾರವನ್ನು ಕೊನೆಗಾಣಿಸಿದ್ದು ಅದೇ ಬ್ಯಾಟರಿ, ಆ ಉಪಕಾರ ದೊಡ್ಡದು. ಆದರೆ ಸೆಲ್ಲಿಗೆ 4.2 ವೋಲ್ಟ್ ಮೀರಿ ತುಂಬಿಸಿದರೆ, ಬಿದ್ದು ಒಳಗೆ ಜಜ್ಜಿಹೋಗಿದ್ದರೆ, ಊದಿಕೊಂಡದ್ದನ್ನು ಹಾಗೇ ಬಳಸಿದರೆ ಅದು ಭಗ್ಗನೆ ಹೊತ್ತಿಕೊಳ್ಳಬಹುದು. ನಮ್ಮ ಮನೆಗಳು ಯಾವುವು ಎಂದು ಯೋಚಿಸಿ. ಅಟ್ಟದ ತುಂಬ ಒಣಗುತ್ತಿರುವ ಕಾಯಿ, ಹಿತ್ತಲಲ್ಲಿ ಮಟ್ಟೆಯ ರಾಶಿ, ಒಲೆಯ ಪಕ್ಕ ಚಿಪ್ಪಿನ ಮೂಟೆ. ಕಿಡಿ ಬಿದ್ದರೆ ಆರಿಸುವುದು ಕಷ್ಟ. ಹಾಲುಹಲ್ಲಿನ ವರ್ಗಕ್ಕೆ ನಿಕ್ಕಲ್ ಬ್ಯಾಟರಿಯೇ ಇರಲಿ ಎಂದು ನಾನು ಒತ್ತಾಯಿಸುವುದು ಇದಕ್ಕೇ. ಮೇಲಿನ ವರ್ಗದವರು ಲಿಥಿಯಂ ಬಳಸಿದರೂ ಮನೆಯೊಳಗೆ ಚಾರ್ಜ್ ಮಾಡಕೂಡದು. ಅಂಗಳದಲ್ಲಿ, ಮರಳು ತುಂಬಿದ ಮಣ್ಣಿನ ಪಾತ್ರೆಯಲ್ಲಿಟ್ಟು, ಪಕ್ಕದಲ್ಲೇ ಕೂತು ಮಾಡಬೇಕು. ಎಂಜಿನ್ ಕಾರುಗಳ ಬಗ್ಗೆ ಒಂದೇ ಮಾತು. ಅವುಗಳ ಇಂಧನಕ್ಕೆ ಜಾರುಗುಣಕ್ಕಾಗಿ ಹರಳೆಣ್ಣೆ ಬೆರೆಸುತ್ತಾರೆ ಎನ್ನುವುದು ಸೊಗಸಾದ ಸಂಗತಿ, ಆದರೆ ಉಳಿದ ಪಾಲು ಮೆಥನಾಲ್ ಮತ್ತು ನೈಟ್ರೊಮೀಥೇನ್. ಮೆಥನಾಲ್ ವಿಷ. ಹೈಸ್ಕೂಲ್ ಮಕ್ಕಳು ಬರುವ ಮೈದಾನಕ್ಕೆ ಅದು ಬೇಡ.

ಟ್ರ್ಯಾಕಿನ ವಿಷಯದಲ್ಲಿ ನಿಮಗೆ ಯಾರ ಹಂಗೂ ಇಲ್ಲ. ಹೊರದೇಶಗಳಲ್ಲಿ ಜೇಡಿಮಣ್ಣಿನ ಟ್ರ್ಯಾಕಿಗೆ ನೀರು ಹೊಡೆದು ರೋಲರ್ ಎಳೆದು ಹಿಡಿತ ಬರಿಸುತ್ತಾರೆ. ಕೆಲವೆಡೆ ಸಕ್ಕರೆ ನೀರನ್ನೂ ಚಿಮುಕಿಸುತ್ತಾರೆ. ರಾಗಿ ಕಣ ಮಾಡಿ ಗೊತ್ತಿರುವ ಊರಿಗೆ ಇದು ಹೊಸ ವಿದ್ಯೆಯಲ್ಲ. ಕೆಂಪು ಮಣ್ಣು ನೆನೆಸಿ, ತುಳಿದು, ಗುಂಡು ಉರುಳಿಸಿ, ಸಗಣಿ ಸಾರಿಸಿದ ನೆಲ ದೂಳೇಳದೆ ಟೈರು ಹಿಡಿಯುತ್ತದೆ. ಒಕ್ಕಣೆ ಮುಗಿದ ಮೇಲೆ ಸುಮ್ಮನೆ ಬಿದ್ದಿರುವ ಕಣ ಕೇಳಿದರೆ ಕೊಡದ ರೈತರು ಕಡಿಮೆ. ಅಂಚಿಗೆ ಪ್ಲಾಸ್ಟಿಕ್ ಪೈಪಿನ ಬದಲು ತೆಂಗಿನ ಮಟ್ಟೆ ಸಾಲಾಗಿ ಇಡಿ, ಗುದ್ದಿದ ಕಾರಿಗೆ ಪೆಟ್ಟಾಗುವುದಿಲ್ಲ. ಒಂದು ಎಚ್ಚರಿಕೆ ಇರಲಿ. ಮಟ್ಟೆಯ ನಾರಿನ ಮುಖ ಹೊರಕ್ಕೆ, ನುಣುಪು ಮುಖ ಟ್ರ್ಯಾಕಿನ ಕಡೆಗೆ ಇರಬೇಕು. ಇಲ್ಲವಾದರೆ ಎಳೆ ಕಿತ್ತುಕೊಂಡು ಆಕ್ಸಲ್ಲಿಗೆ ಸುತ್ತಿಕೊಂಡು ಬೇರಿಂಗಿನ ಒಳಕ್ಕೆ ಇಳಿಯುತ್ತದೆ, ಕಾರು ಏಕೆ ನಿಧಾನವಾಯಿತು ಎಂದು ತಿಳಿಯುವುದರೊಳಗೆ ಬೇರಿಂಗ್ ಕೆಟ್ಟಿರುತ್ತದೆ.

ನೀರಿಲ್ಲದೆ ತೋಟ ಒಣಗುವ ಸೀಮೆಯಲ್ಲಿ ಇದೆಲ್ಲ ಉಳ್ಳವರ ಶೋಕಿ ಎನ್ನುವವರೂ ಇದ್ದಾರೆ. ಆ ಮಾತಿನ ಹಿಂದಿನ ಸಂಕಟವನ್ನು ನಾನು ಗೌರವಿಸುತ್ತೇನೆ. ನಿಯಮವಿಲ್ಲದೆ ಬಿಟ್ಟರೆ ಅವರ ಮಾತೇ ನಿಜವಾಗುತ್ತದೆ ಎನ್ನುವುದು ಕೂಡ ನನ್ನ ವಾದದ ಭಾಗ. ಆದರೆ ಕರೆಂಟ್, ಗೇರು, ಬೇರಿಂಗು, ರೇಡಿಯೊ ನಾಲ್ಕನ್ನೂ ಅಂಗೈ ಅಗಲದಲ್ಲಿ ಬಿಚ್ಚಿ ಜೋಡಿಸುವುದನ್ನು ಕಲಿಸುವ ಆಟಗಳು ಬಹಳ ಇಲ್ಲ. ಔಷಧಿ ಹೊಡೆಯುವ ಡ್ರೋನು, ಬ್ಯಾಟರಿ ಪಂಪು, ಮೊಬೈಲಿನಿಂದ ಚಾಲೂ ಆಗುವ ಸ್ಟಾರ್ಟರು ತೋಟಗಳಿಗೆ ಬಂದಾಗಿದೆ. ಅವು ಕೆಟ್ಟು ನಿಂತಾಗ ಬಿಚ್ಚುವ ಧೈರ್ಯ ಇರುವ ಕೈಗಳು ಊರಲ್ಲೇ ಬೇಕು. ಹತ್ತು ಮಂದಿ ಸೇರಿ ಸಂಘದ ಹೆಸರಿನಲ್ಲಿ ಮೂರು ಸಾದಾ ಕಾರು ಕೊಂಡು ಸರದಿಯ ಮೇಲೆ ಓಡಿಸಿದರೆ ಕಾರಿಲ್ಲದ ಮಕ್ಕಳೂ ಹಾಲುಹಲ್ಲಿನ ವರ್ಗದಲ್ಲಿ ನಿಲ್ಲಬಹುದು. ಹುಡುಗಿಯರನ್ನು ಕರೆಯುವುದಕ್ಕೆ ಪ್ರತ್ಯೇಕ ಓಟ ಬೇಡ, ಟ್ರಿಗರ್ ಎಳೆಯುವ ಬೆರಳಿಗೆ ಅಂಥ ಭೇದವಿಲ್ಲ. ಮೊದಲ ದಿನದಿಂದಲೇ ಅವರನ್ನೂ ಕರೆಯಿರಿ.

ನಿಯಮದ ಪುಸ್ತಕದಲ್ಲಿ ಕಾರಿಗೆ ಸಂಬಂಧಿಸದ ಒಂದು ನಿಯಮವೂ ಇರಲಿ, ಅದನ್ನು ಮೊದಲನೆಯದಾಗಿ ಬರೆಯಿರಿ. ಜಗತ್ತಿನ ಬಹುತೇಕ ಕ್ಲಬ್ಬುಗಳಲ್ಲಿ ಇದು ನಡೆದುಬಂದ ರೂಢಿ. ಒಂದು ಸುತ್ತಿನ ಓಟ ಮುಗಿದೊಡನೆ ಅದರಲ್ಲಿ ಓಡಿಸಿದವರು ರಿಮೋಟ್ ಕೆಳಗಿಟ್ಟು ಒಬ್ಬೊಬ್ಬರು ಒಂದೊಂದು ತಿರುವಿಗೆ ಹೋಗಿ ನಿಲ್ಲಬೇಕು. ಮುಂದಿನ ಓಟದಲ್ಲಿ ಮಗುಚಿ ಬಿದ್ದ ಕಾರುಗಳನ್ನು ಎತ್ತಿ ಚಕ್ರದ ಮೇಲೆ ನಿಲ್ಲಿಸುವ ಕೆಲಸ ಅವರದು. ಗೆದ್ದವರಿಗೂ ವಿನಾಯಿತಿಯಿಲ್ಲ, ದುಬಾರಿ ಕಾರಿನವರಿಗೂ ಇಲ್ಲ. ಐದು ನಿಮಿಷದ ಓಟ, ಬಿಸಿಲು, ದೂಳು. ಬಾಯಿಗೂಡಿದ ವರ್ಗದಲ್ಲಿ ಈಗಷ್ಟೇ ಗೆದ್ದ ಅಣ್ಣ ಮೂರನೆಯ ತಿರುವಿನಲ್ಲಿ ಬಗ್ಗಿ ನಿಂತು ಎಂಟನೇ ಕ್ಲಾಸಿನ ಹುಡುಗಿಯ ಕಾರು ಎತ್ತಿ ನಿಲ್ಲಿಸುತ್ತಾನೆ, ಅದರ ಮುಂದಿನ ಚಕ್ರ ಒಳಕ್ಕೆ ವಾಲಿದ್ದು ಅವನ ಕಣ್ಣಿಗೆ ಬೀಳುತ್ತದೆ, ಓಟ ಮುಗಿದ ಮೇಲೆ ಸ್ಪ್ಯಾನರ್ ಹಿಡಿದು ಅವಳ ಹತ್ತಿರ ಹೋಗುತ್ತಾನೆ.

ಇಂತಿ ನಿಮ್ಮ ಹಿತೈಷಿ